ಬಾಗಿಲಿಗೆ ಅಡ್ಡ ನಿಂತವರು

ನಿಮ್ಮ ಮನೆಯ ಮುಂದಿನ ಬೀದಿ ಎಷ್ಟು ಅಗಲವಿದೆ ಎಂದು ಎಂದಾದರೂ ಅಳೆದು ನೋಡಿದ್ದೀರಾ? ಬೆಂಗಳೂರಿನ ಪೂರ್ವಭಾಗದ ಈ ಹಳೆಯ ಬಡಾವಣೆಯಲ್ಲಿ 30 ವರ್ಷಗಳಿಂದ ವಾಸವಾಗಿರುವ ನಾನೂ ನೋಡಿರಲಿಲ್ಲ. ಟೇಪು ಹಿಡಿದು ಬೀದಿಗಿಳಿದದ್ದು ಒಂದು ರಾತ್ರಿಯ ಘಟನೆಯ ನಂತರವೇ.

ಎರಡು ವರ್ಷಗಳ ಹಿಂದಿನ ಮಳೆಗಾಲ. ರಾತ್ರಿ ಹನ್ನೊಂದು ದಾಟಿತ್ತು. ನಮ್ಮ ಬೀದಿಯ ಕೊನೆಯ ಮನೆಯ ಅಜ್ಜಿ ನೀರು ಕುಡಿಯಲೆಂದು ಎದ್ದವರು ಕುಸಿದು ಬಿದ್ದರು. ಬಾಯಿ ಸೊಟ್ಟಗಾಗಿತ್ತು, ಬಲಗೈ ಜೋತುಬಿದ್ದಿತ್ತು. ಮಗ 108ಕ್ಕೆ ಕರೆ ಮಾಡಿದ. ಆಂಬುಲೆನ್ಸ್ ಬೇಗನೆ ಬಂದಿತಾದರೂ ಬೀದಿಯ ತಿರುವಿನಲ್ಲೇ ನಿಂತುಬಿಟ್ಟಿತು. ಎರಡೂ ಬದಿಗೆ ಕಾರುಗಳ ಸಾಲು. ತಿರುವಿನ ಮೂಲೆಯಲ್ಲಿ ಇನ್ನೊಂದು ಕಾರು ಓರೆಯಾಗಿ ನಿಂತಿತ್ತು. ಚಾಲಕ ಹಿಂದೆ ಮುಂದೆ ಮಾಡಿ ನೋಡಿದ, ಹಾರ್ನ್ ಬಾರಿಸಿದ. ನಾನು ಮಹಡಿಯ ಕಿಟಕಿಯಿಂದ ಇಣುಕಿ ನನ್ನ ಪತ್ನಿಗೆ ಹೇಳಿದೆ: “ಯಾರ ಕಾರೋ ಏನೋ, ಎಂಥ ಬುದ್ಧಿಗೇಡಿಗಳು ನೋಡು.”

ಕೊಡೆ ಹಿಡಿದು ಕೆಳಗಿಳಿದು ಹೋದಾಗ ಕಂಡದ್ದು ನಮ್ಮದೇ ಕಾರು. ಕೆಲಸ ಮುಗಿಸಿ ತಡವಾಗಿ ಬಂದ ಮಗ ಬೇರೆಲ್ಲೂ ಜಾಗ ಸಿಗದೆ ಅಲ್ಲಿ ನಿಲ್ಲಿಸಿ ಬಂದು ಮಲಗಿದ್ದ. ನಾನು ಮನೆಗೆ ಓಡಿ, ಅವನನ್ನು ಎಬ್ಬಿಸಿ, ಬೀಗದ ಕೈ ಹುಡುಕಿ ಮರಳುವಷ್ಟರಲ್ಲಿ ಪಕ್ಕದ ಮನೆಗಳ ನಾಲ್ವರು ಹುಡುಗರು ಅಜ್ಜಿಯನ್ನು ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂರಿಸಿಕೊಂಡು, ಮಳೆಯಲ್ಲಿ ನೆನೆಯುತ್ತಾ, ಕಾರುಗಳ ಸಂದಿನಲ್ಲಿ ಹೊತ್ತು ತಂದಿದ್ದರು. ನನ್ನ ಕೈಯಲ್ಲಿ ಬೀಗದ ಕೈ ಇತ್ತು. ಆಂಬುಲೆನ್ಸ್ ಹೊರಟುಹೋಗಿತ್ತು.

ಮೆದುಳಿಗೆ ರಕ್ತ ಹರಿಯುವ ನಾಳ ಹೆಪ್ಪುಗಟ್ಟಿ ಮುಚ್ಚಿದಾಗ, ಹೆಪ್ಪನ್ನು ಕರಗಿಸುವ ಔಷಧವನ್ನು ಸಾಮಾನ್ಯವಾಗಿ ನಾಲ್ಕೂವರೆ ಗಂಟೆಗಳೊಳಗೆ ಕೊಡಬೇಕಾಗುತ್ತದೆ. ಅದರಲ್ಲೂ ಪ್ರತಿ ನಿಮಿಷಕ್ಕೆ ಬೆಲೆಯುಂಟು. ಅಜ್ಜಿ ಬದುಕಿ ಬಂದರು. ಬಲಗೈ ಮಾತ್ರ ಹಿಂದಿನಂತಾಗಲಿಲ್ಲ. ತಿರುವಿನಲ್ಲಿ ಕಳೆದ ಆ ಹತ್ತು ನಿಮಿಷಗಳೇ ಇದಕ್ಕೆ ಕಾರಣವೆಂದು ವೈದ್ಯರು ಹೇಳಲಿಲ್ಲ, ಅಲ್ಲವೆಂದೂ ಹೇಳಲಿಲ್ಲ. ಕೇಳುವ ಧೈರ್ಯ ನನಗಿರಲಿಲ್ಲ.

ಆಮೇಲೆ ಬೀದಿಯನ್ನು ಅಳೆದೆ. ಕಾಗದಪತ್ರಗಳಲ್ಲಿ ಅದು 30 ಅಡಿ ರಸ್ತೆ. ಚರಂಡಿ, ಮನೆಗಳ ಮೆಟ್ಟಿಲು, ಗೇಟಿನ ಮುಂದಿನ ಇಳಿಜಾರು, ಬೇಲಿ ಹಾಕಿ ಬೆಳೆಸಿದ ತೋಟ ಇವೆಲ್ಲ ತಮ್ಮ ಪಾಲನ್ನು ಪಡೆದ ಮೇಲೆ ವಾಹನಕ್ಕೆ ಉಳಿದದ್ದು 20 ಅಡಿ. ಒಂದು ಕಾರಿಗೆ ಸುಮಾರು 6 ಅಡಿ ಅಗಲ. ಎರಡೂ ಬದಿಗೆ ನಿಂತರೆ 12 ಅಡಿ ಹೋಯಿತು. ಉಳಿದದ್ದು 8 ಅಡಿ. ಆಂಬುಲೆನ್ಸ್ ಎಚ್ಚರಿಕೆಯಿಂದ ನುಸುಳಬಹುದು, ತಿರುವು ಖಾಲಿಯಿದ್ದರೆ. ಅಗ್ನಿಶಾಮಕ ವಾಹನವೇ ಸುಮಾರು 8 ಅಡಿ ಅಗಲವಿರುತ್ತದೆ. ಅದು ಒಳಗೆ ಬರುವಂತೆಯೇ ಇಲ್ಲ.

ಈ ಬಡಾವಣೆಯಲ್ಲಿ 30-40ರ ನಿವೇಶನಕ್ಕೆ ಒಂದು ಮನೆ, ಮನೆಗೊಂದು ಸೈಕಲ್ಲೋ ಸ್ಕೂಟರೋ ಇದ್ದ ಕಾಲವನ್ನು ನಾನು ಕಂಡಿದ್ದೇನೆ. ಈಗ ಅದೇ ನಿವೇಶನದಲ್ಲಿ ನಾಲ್ಕು ಅಂತಸ್ತು, ಆರೇಳು ಸಂಸಾರ. ಬೆಂಗಳೂರಿನಲ್ಲಿ ನೋಂದಾಯಿತ ವಾಹನಗಳ ಸಂಖ್ಯೆ 1 ಕೋಟಿಯನ್ನು ದಾಟಿದೆ. ಒಂದು ಕಾರು ನಿಲ್ಲಲು ನೂರು ಚದರ ಅಡಿಗೂ ಹೆಚ್ಚು ನೆಲ ಬೇಕು, ಅಂದರೆ ಒಂದು ಚಿಕ್ಕ ಕೋಣೆಯಷ್ಟು. ದಿನದ ಬಹುಪಾಲು ಹೊತ್ತು ಅದು ನಿಂತೇ ಇರುತ್ತದೆ. ನಮ್ಮ ಮನೆಯೊಳಗೆ ಕೊಡಲೊಲ್ಲದ ಆ ಕೋಣೆಯನ್ನು ನಾವು ಬೀದಿಯಿಂದ ಕತ್ತರಿಸಿಕೊಂಡಿದ್ದೇವೆ.

ಅಜ್ಜಿ ಆಸ್ಪತ್ರೆಯಿಂದ ಬಂದ ಮೇಲೆ ಬೀದಿಯ ನಿವಾಸಿಗಳೆಲ್ಲ ಸಭೆ ಸೇರಿದೆವು. ಮೇಷ್ಟ್ರಾಗಿದ್ದವನೆಂದು ಮನವಿ ಪತ್ರ ಬರೆಯುವ ಕೆಲಸ ನನ್ನ ಪಾಲಿಗೆ ಬಂತು. ಬೀದಿಯ ಒಂದೇ ಬದಿಯಲ್ಲಿ, ದಿನ ಬಿಟ್ಟು ದಿನ ಬದಿ ಬದಲಿಸಿ ವಾಹನ ನಿಲ್ಲಿಸಲು ಫಲಕ ಹಾಕಬೇಕು. ತಿರುವುಗಳಲ್ಲಿ ನಿಲುಗಡೆಯನ್ನು ನಿಷೇಧಿಸಬೇಕು. ಮುಖ್ಯರಸ್ತೆಯ ಅಂಗಡಿಗಳಿಗೆ ಬರುವವರು ಇಡೀ ದಿನ ಇಲ್ಲಿ ಕಾರು ಬಿಟ್ಟು ಹೋಗದಂತೆ ನೋಡಿಕೊಳ್ಳಬೇಕು. ಟೈರಿನ ಗಾಳಿ ಹೋಗಿ ಧೂಳು ತಿನ್ನುತ್ತಿರುವ ವಾಹನಗಳನ್ನು ತೆರವುಗೊಳಿಸಬೇಕು. ಇವು ನಮ್ಮ ಬೇಡಿಕೆಗಳು.

ಬರೆಯುವ ಮುನ್ನ ಕಾನೂನನ್ನು ಓದಿದೆ. 1988ರ ಮೋಟಾರು ವಾಹನ ಕಾಯಿದೆಯ 117ನೆಯ ಪ್ರಕರಣವು ವಾಹನಗಳು ಎಲ್ಲಿ ನಿಲ್ಲಬಹುದೆಂದು ಸ್ಥಳೀಯ ಸಂಸ್ಥೆಯೊಡನೆ ಸಮಾಲೋಚಿಸಿ ಗೊತ್ತುಪಡಿಸುವ ಅಧಿಕಾರವನ್ನು ಸರ್ಕಾರಕ್ಕೆ ಕೊಟ್ಟಿದೆ. 127ನೆಯ ಪ್ರಕರಣದಂತೆ ಸಾರ್ವಜನಿಕ ಸ್ಥಳದಲ್ಲಿ 10 ಗಂಟೆ ಅಥವಾ ಅದಕ್ಕೂ ಹೆಚ್ಚು ಕಾಲ ವಾರಸುದಾರರಿಲ್ಲದೆ ಬಿಟ್ಟ ವಾಹನವನ್ನು ಸಮವಸ್ತ್ರದಲ್ಲಿರುವ ಪೊಲೀಸ್ ಅಧಿಕಾರಿ ಎಳೆಸಿ ತೆಗೆಸಬಹುದು. ಕೂಡುರಸ್ತೆಯ ಬಳಿ, ಪಾದಚಾರಿ ಮಾರ್ಗದ ಮೇಲೆ, ಇನ್ನೊಬ್ಬರ ಗೇಟಿಗೆ ಅಡ್ಡವಾಗಿ ನಿಲ್ಲಿಸಬಾರದೆಂದು 2017ರ ಚಾಲನಾ ನಿಯಮಗಳು ಹೇಳುತ್ತವೆ. ನಗರ ಭೂಸಾರಿಗೆ ನಿರ್ದೇಶನಾಲಯ ಸಿದ್ಧಪಡಿಸಿದ ಬೆಂಗಳೂರಿನ ಪಾರ್ಕಿಂಗ್ ನೀತಿ 2.0ರಲ್ಲಿ, ವಸತಿ ಬೀದಿಯಲ್ಲಿ ಕಾರು ನಿಲ್ಲಿಸುವವರು ವರ್ಷಕ್ಕೊಮ್ಮೆ ಶುಲ್ಕ ಕಟ್ಟಿ ಪರವಾನಗಿ ಪಡೆಯುವ ಸಲಹೆಯೂ ಇದೆ. ನಮ್ಮ ಬೀದಿಗೆ ಅದು ಇನ್ನೂ ಇಳಿದು ಬಂದಿಲ್ಲ. ಜಪಾನಿನಲ್ಲಂತೂ 1962ರಲ್ಲೇ ಇದಕ್ಕೆ ಕಾನೂನು ಬಂದಿದೆ. ಅಲ್ಲಿ ಕಾರು ನಿಲ್ಲಿಸಲು ಮನೆಯ ಆಸುಪಾಸಿನಲ್ಲಿ, ಬೀದಿಯ ಹೊರಗೆ, ಸ್ವಂತದ್ದೋ ಬಾಡಿಗೆಯದ್ದೋ ಜಾಗವಿದೆ ಎಂಬ ಪ್ರಮಾಣಪತ್ರವನ್ನು ತೋರಿಸಬೇಕು. ಚಿಕ್ಕ ಕಾರುಗಳಿಗೆ ಮಾತ್ರ ಕೆಲವೆಡೆ ಸಡಿಲಿಕೆಯುಂಟು.

ಇಷ್ಟೆಲ್ಲ ಓದಿ ಸಭೆಯಲ್ಲಿ ಗಂಭೀರವಾಗಿ ವಿವರಿಸಿದೆ. ಎಲ್ಲರೂ ತಲೆದೂಗಿದರು. ಹಿಂದಿನ ಸಾಲಿನಲ್ಲಿ ಕುಳಿತಿದ್ದ ಅಜ್ಜಿಯ ಯಜಮಾನರು ನಿಧಾನವಾಗಿ ಎದ್ದು ನಿಂತರು.

“ಮೇಷ್ಟ್ರೇ, ಸಹಿ ನಾನೂ ಹಾಕ್ತೀನಿ. ಒಂದು ಬದಿ ಖಾಲಿಯಾಗಬೇಕು ಅಂದರೆ ಅರ್ಧ ಕಾರುಗಳು ಬೀದಿ ಬಿಡಬೇಕಲ್ಲ. ಯಾರ ಮನೇದು ಮೊದಲು ಹೋಗುತ್ತೆ?”

ಅವರ ಮಾತಿನಲ್ಲಿ ಕೋಪವಿರಲಿಲ್ಲ. ಸಭೆಯಲ್ಲಿ ಮೌನ ಕವಿಯಿತು. ಒಬ್ಬರು ತಮ್ಮ ಗೇಟಿನ ಮುಂದೆ ಹೂಕುಂಡ ಇಟ್ಟು ಜಾಗ ಕಾದಿರಿಸಿಕೊಂಡವರು. ಇನ್ನೊಬ್ಬರು ಕಾಂಪೌಂಡಿಗೆ ‘ನೋ ಪಾರ್ಕಿಂಗ್’ ಫಲಕವನ್ನು ತಾವೇ ತೂಗುಹಾಕಿದವರು. ಕಾನೂನಿನಲ್ಲಿ ಅದಕ್ಕೆ ಬೆಲೆಯಿಲ್ಲ. ನನ್ನ ಕಥೆ ಇವರೆಲ್ಲರಿಗಿಂತ ಕಡೆಯದು. ನಮ್ಮ ಮನೆಯ ನಕ್ಷೆಯಲ್ಲಿ ಕೆಳಗೆ ಕಾರು ನಿಲ್ಲಿಸುವ ಜಾಗವಿತ್ತು. ಹನ್ನೆರಡು ವರ್ಷಗಳ ಹಿಂದೆ ಗೋಡೆ ಎಬ್ಬಿಸಿ ಅದನ್ನು ಬಾಡಿಗೆ ಕೋಣೆಯಾಗಿ ಮಾಡಿದೆ. ಬಾಡಿಗೆ ಹಣ ನನ್ನ ಜೇಬಿಗೆ, ನಮ್ಮ ಎರಡು ಕಾರುಗಳು ಬೀದಿಗೆ. ಆ ರಾತ್ರಿ ತಿರುವಿನಲ್ಲಿ ಓರೆಯಾಗಿ ನಿಂತ ಕಾರಿಗೆ ಕಾರಣ ನನ್ನ ಮಗನ ಅಜಾಗರೂಕತೆಗಿಂತ ಹೆಚ್ಚಾಗಿ ಅವನ ತಂದೆಯ ಆ ಗೋಡೆ.

ಇನ್ನೊಂದು ನೆನಪೂ ನನ್ನನ್ನು ಚುಚ್ಚಿತು. ಕೆಲವು ವರ್ಷಗಳ ಹಿಂದೆ ನಮ್ಮ ದೇವಾಲಯದ ಹಿಂಬದಿಯ ಬೀದಿಯವರು ಧರ್ಮಗುರುಗಳಿಗೆ ಒಂದು ಪತ್ರ ಕೊಟ್ಟಿದ್ದರು. ಭಾನುವಾರ ಪೂಜೆಗೆ ಬರುವವರ ವಾಹನಗಳಿಂದ ತಮ್ಮ ಗೇಟು ತೆರೆಯಲಾಗುತ್ತಿಲ್ಲ ಎಂಬುದು ಅವರ ಅಳಲು. ಧರ್ಮಕೇಂದ್ರದ ಸಭೆಯಲ್ಲಿ “ವಾರಕ್ಕೊಂದು ಗಂಟೆಯ ಮಟ್ಟಿಗೆ ಸಹಿಸಿಕೊಳ್ಳಬಾರದೇ?” ಎಂದು ಕೇಳಿದವನು ನಾನೇ. ನಾವು ಬಂದಿರುವುದು ದೇವರ ಕಾರ್ಯಕ್ಕಲ್ಲವೇ ಎಂಬ ಬಿಗುಮಾನ ಆ ಮಾತಿನೊಳಗಿತ್ತು.

ಮಾರ್ಕನ ಶುಭಸಂದೇಶದ ಎರಡನೆಯ ಅಧ್ಯಾಯದಲ್ಲಿ ನಾಲ್ವರು ಒಬ್ಬ ಪಾರ್ಶ್ವವಾಯು ರೋಗಿಯನ್ನು ಹೊತ್ತು ತರುವ ಪ್ರಸಂಗವನ್ನು ನೀವೆಲ್ಲ ಬಲ್ಲಿರಿ. ಆ ನಾಲ್ವರ ವಿಶ್ವಾಸದ ಬಗ್ಗೆ ಎಷ್ಟೋ ಪ್ರಬೋಧನೆಗಳನ್ನು ಕೇಳಿದ್ದೇನೆ. ಅವರು ಮನೆಯ ಮಾಡನ್ನೇ ಏಕೆ ಬಿಚ್ಚಬೇಕಾಯಿತು ಎಂದು ಮಾತ್ರ ಯೋಚಿಸಿರಲಿಲ್ಲ. ಬಾಗಿಲಿನಲ್ಲಿ ಜನ ಕಿಕ್ಕಿರಿದಿದ್ದರು. ಅವರು ಕೆಟ್ಟವರಲ್ಲ, ಯೇಸುವಿನ ಮಾತನ್ನು ಕೇಳಲು ಬಂದವರು. ಒಳ್ಳೆಯದಕ್ಕೇ ಬಂದು, ಇದ್ದಲ್ಲಿಂದ ಒಂದು ಹೆಜ್ಜೆ ಸರಿಯದೆ, ರೋಗಿಯ ದಾರಿಗೆ ಅಡ್ಡ ನಿಂತರು. ಇಷ್ಟು ವರ್ಷ ಆ ಪ್ರಸಂಗದಲ್ಲಿ ನನ್ನ ಜಾಗವನ್ನು ಹೊತ್ತವರ ನಡುವೆಯೇ ಕಲ್ಪಿಸಿಕೊಂಡಿದ್ದೆ. ನಾನಿದ್ದದ್ದು ಬಾಗಿಲಿನಲ್ಲಿ.

ನಮ್ಮ ಮನವಿ ಸಲ್ಲಿಕೆಯಾಗಿದೆ. 2025ರ ಸೆಪ್ಟೆಂಬರಿನಲ್ಲಿ ಬಿಬಿಎಂಪಿ ಹೋಗಿ ಐದು ನಗರ ಪಾಲಿಕೆಗಳು ಬಂದ ಮೇಲೆ ಅದೇ ಪತ್ರದ ವಿಳಾಸ ತಿದ್ದಿ ಇನ್ನೊಮ್ಮೆ ಕೊಟ್ಟೆವು. ಸಂಚಾರ ಪೊಲೀಸರು ಒಮ್ಮೆ ಬಂದು ನೋಡಿ ಹೋಗಿದ್ದಾರೆ. ಫಲಕ ಇನ್ನೂ ಬಂದಿಲ್ಲ. ಆದರೂ ಕೇಳುವುದನ್ನು ನಾವು ಬಿಟ್ಟಿಲ್ಲ, ಬಿಡಲೂ ಬಾರದು. ನೆರೆಹೊರೆಯವರ ಒಳ್ಳೆಯತನವೊಂದನ್ನೇ ನಂಬಿ ಇಷ್ಟು ದೊಡ್ಡ ನಗರದ ಬೀದಿ ನಡೆಯದು. ಎಲ್ಲರಿಗೂ ಒಂದೇ ಆದ ನಿಯಮ ಬೇಕು. ಆದರೆ ನಿಯಮ ಬರಲಿ ಎಂದು ಕಾಯುತ್ತಾ ಗೋಡೆಯನ್ನು ಹಾಗೆಯೇ ಉಳಿಸಿಕೊಳ್ಳುವುದು ಯಾವ ನ್ಯಾಯ? ಒಂದು ಕಾರನ್ನು ಮಾರಿದೆವು. ಕೆಳಗಿನ ಕೋಣೆಯ ಹುಡುಗರ ಕರಾರು ಮುಗಿಯುವವರೆಗೆ ಇದ್ದು, ಆಮೇಲೆ ಗೋಡೆ ಒಡೆಸಿದೆ. ತಿಂಗಳ ಬಾಡಿಗೆ ನಿಂತದ್ದು ಪಿಂಚಣಿದಾರನಾದ ನನಗೆ ಹಗುರವಾದ ಮಾತಲ್ಲ. ಮನೆಯಲ್ಲಿ ಸ್ವಲ್ಪ ಮಾತಿಗೆ ಮಾತು ಬೆಳೆಯಿತು ಕೂಡ. ಹೂಕುಂಡಗಳವರು ಕುಂಡಗಳನ್ನು ತೆಗೆದಿದ್ದಾರೆ. ‘ನೋ ಪಾರ್ಕಿಂಗ್’ ಫಲಕದವರು ಇನ್ನೂ ತೆಗೆದಿಲ್ಲ. ಭಾನುವಾರ ನಾನು ಮತ್ತು ನನ್ನ ಪತ್ನಿ ದೇವಾಲಯಕ್ಕೆ ನಡೆದೇ ಹೋಗುತ್ತೇವೆ. ಇಪ್ಪತ್ತು ನಿಮಿಷದ ದಾರಿ.

ಅಜ್ಜಿ ಈಗ ಸಂಜೆ ಹೊತ್ತು ಎಡಗೈಯಲ್ಲಿ ಕೋಲು ಹಿಡಿದು ಗೇಟಿನ ಬಳಿ ನಿಲ್ಲುತ್ತಾರೆ. ನನ್ನನ್ನು ಕಂಡರೆ “ಊಟ ಆಯ್ತೇನಪ್ಪಾ?” ಎನ್ನುತ್ತಾರೆ. ಆ ಕಾರು ಯಾರದೆಂದು ಅವರಿಗೆ ಗೊತ್ತು. ಒಂದು ದಿನವೂ ಆ ಮಾತೆತ್ತಿಲ್ಲ.

ಪ್ರಿಯ ಓದುಗರೇ, ಇಂದು ರಾತ್ರಿ ಮಲಗುವ ಮುನ್ನ ಒಮ್ಮೆ ನಿಮ್ಮ ಬೀದಿಯ ತಿರುವಿನವರೆಗೆ ನಡೆದು ಹೋಗಿ ಬನ್ನಿ. ಒಂದು ಆಂಬುಲೆನ್ಸ್ ನಿಮ್ಮ ಬೀದಿಯ ಕೊನೆಯ ಮನೆಯನ್ನು ತಲುಪಬಲ್ಲದೇ ಎಂದು ನೋಡಿ. ತಲುಪಲಾರದೆಂದು ಕಂಡರೆ ಅರ್ಜಿಯನ್ನು ಖಂಡಿತ ಬರೆಯಿರಿ. ಬರೆಯುವ ಮುನ್ನ, ಅಡ್ಡ ನಿಂತಿರುವ ವಾಹನ ಯಾರದೆಂದು ಹತ್ತಿರ ಹೋಗಿ ನೋಡಿ.