ಮನೆಗೆ ಬಂದ ಗರಗಸ

ಕಾರವಾರದ ಕೋಡಿಬಾಗದಲ್ಲಿರುವ ನನ್ನ ಅಣ್ಣನ ಎಡಗೈಯಲ್ಲಿ ಮೂರೇ ಬೆರಳುಗಳು. ನಲವತ್ತು ವರ್ಷ ಬಡಗಿ ಕೆಲಸ ಮಾಡಿದ ಕೈ ಅದು. ಪ್ಲೈವುಡ್ ಹಲಗೆಯ ಕೆಳಗೆ ಮಾರ್ಬಲ್ ಕಟರನ್ನು ತಲೆಕೆಳಗಾಗಿ ಬಿಗಿದು, ಮೇಲಿನ ಸೀಳಿನಿಂದ ಬ್ಲೇಡು ಹೊರಚಾಚುವಂತೆ ಮಾಡಿಕೊಂಡ ಮೇಜುಗಳನ್ನು ತಾವೂ ನೋಡಿರಬಹುದು. ಅಂಥದೊಂದರ ಮೇಲೆ ಹಲಸಿನ ರೀಪು ಸೀಳುವಾಗ, ಕಣ್ಣು ಮಿಟುಕಿಸುವಷ್ಟರಲ್ಲಿ ಅದು ಆಗಿಹೋಯಿತು.

ಆದುದರಿಂದ, ಅಂಕೋಲೆಯ ನಮ್ಮ ಮನೆಯ ಹಿತ್ತಿಲ ಚಾವಡಿಯಲ್ಲಿ ಮರಗೆಲಸಕ್ಕೊಂದು ಮೂಲೆ ಮಾಡಿಕೊಂಡಿದ್ದ ಮಗ "ಅಪ್ಪಾ, ಒಂದು ಟೇಬಲ್ ಸಾ ಬೇಕು" ಎಂದಾಗ ನಾನು "ಬೇಡ" ಎಂದುಬಿಟ್ಟೆ. ಅವನು ವಾದಿಸಲಿಲ್ಲ. ಒಂದು ವಾರ ಬಿಟ್ಟು ಮಾರ್ಬಲ್ ಕಟರ್ ತಂದಿಟ್ಟ; ಜೊತೆಗೆ ಪ್ಲೈವುಡ್ಡಿನ ಒಂದು ತುಂಡು. ನನ್ನ "ಬೇಡ" ಎಂಬುದು ಅವನನ್ನು ಎಲ್ಲಿಗೆ ತಂದು ನಿಲ್ಲಿಸಿತ್ತೆಂದು ಆಗ ಅರಿವಾಯಿತು. ಮರುದಿನದ ಬಸ್ಸಿಗೇ ಅಣ್ಣನನ್ನು ಕರೆಸಿದೆ.

ಅಣ್ಣ ಬೈಯಲಿಲ್ಲ. "ತಮ್ಮಾ, ಇದು ಕಲ್ಲು ಕೊಯ್ಯಲು ಮಾಡಿದ್ದು. ಗರಗಸ ಬೇಕಾದರೆ ಗರಗಸವನ್ನೇ ಕೊಳ್ಳೋಣ" ಎಂದ. ಮೂವರೂ ರೈಲು ಹತ್ತಿ ಮಡಗಾಂವಿಗೆ ಹೋದೆವು.

ಅಂಗಡಿಯಲ್ಲಿ ಮಗನ ಕಣ್ಣು ಮೋಟಾರಿನ ವಾಟ್‌ಗಳ ಮೇಲೆ. ನನ್ನದು, ಹೇಳಲು ಸಂಕೋಚವಿಲ್ಲ, ಬೆಲೆಯ ಮೇಲೆ. ಅಣ್ಣ ಮಾತ್ರ ಬಾಗಿ ಬ್ಲೇಡಿನ ಬೆನ್ನಿಗೆ ಏನಿದೆಯೆಂದು ನೋಡುತ್ತಿದ್ದ. ತಿರುಗುವ ಬ್ಲೇಡಿನ ಮುಂದಿನ ಹಲ್ಲುಗಳು ಹಲಗೆಯನ್ನು ಮೇಜಿಗೆ ಒತ್ತುತ್ತವೆ, ಹಿಂದಿನವು ಮೇಲಕ್ಕೇಳುತ್ತವೆ. ಸೀಳಿದ ಮರ ತನ್ನೊಳಗಿನ ಬಿಗುವಿನಿಂದ ಮುಚ್ಚಿಕೊಂಡು ಆ ಹಿಂದಿನ ಹಲ್ಲುಗಳನ್ನು ಅಮುಕಿದರೆ, ಹಲಗೆ ಎದ್ದು ನಿಂತವನ ಮೇಲೇ ಚಿಮ್ಮುತ್ತದೆ. ತಳ್ಳುತ್ತಿದ್ದ ಕೈ ಬ್ಲೇಡಿನತ್ತ ಜಾರುತ್ತದೆ. 10 ಇಂಚಿನ ಬ್ಲೇಡು ನಿಮಿಷಕ್ಕೆ 4000 ಸುತ್ತು ತಿರುಗಿದರೆ ಹಲ್ಲಿನ ವೇಗ ಗಂಟೆಗೆ ಸುಮಾರು 190 ಕಿಲೋಮೀಟರ್. ಸೀಳು ಮುಚ್ಚದಂತೆ ತಡೆಯಲು ಬ್ಲೇಡಿನ ಹಿಂದೆಯೇ ನಿಂತು, ಅದರೊಡನೆ ಏರಿಳಿಯುವ ತೆಳುವಾದ ಉಕ್ಕಿನ ತಗಡೊಂದಿರುತ್ತದೆ. ಅದಕ್ಕೆ ರೈವಿಂಗ್ ನೈಫ್ ಎನ್ನುತ್ತಾರೆ. "ನನ್ನ ಮೇಜಿಗೆ ಇದಿರಲಿಲ್ಲ" ಎಂದಷ್ಟೇ ಅಣ್ಣ ಹೇಳಿದ. ಮಗ ಅದರ ನಂತರ ವಾಟ್‌ಗಳ ಮಾತೆತ್ತಲಿಲ್ಲ.

ಬಳಿಕ ಅಣ್ಣ ಹಲಗೆಗೆ ದಾರಿ ತೋರುವ ಪಟ್ಟಿಯನ್ನು, ಅಂದರೆ ಫೆನ್ಸನ್ನು, ಬಿಗಿದು ಬ್ಲೇಡಿನ ಮುಂದೆಯೂ ಹಿಂದೆಯೂ ಟೇಪಿನಿಂದ ಅಳೆದ. ಹಿಂದಿನ ಅಂತರ ಕಿರಿದಾದರೂ ಹಲಗೆ ಸಿಕ್ಕಿಬೀಳುತ್ತದೆ. ಅಗ್ಗದ ಒಂದು ಯಂತ್ರದ ಫೆನ್ಸು ಬೆರಳಿನಿಂದ ದೂಡಿದರೇ ಅಲುಗಾಡಿತು. ಅದನ್ನು ಬಿಟ್ಟೆವು. ಚರ್ಮ ತಗುಲಿದೊಡನೆ ಬ್ಲೇಡನ್ನು ನಿಲ್ಲಿಸಿಬಿಡುವ ಸಾಸ್ಟಾಪ್ ಎಂಬ ಅಮೆರಿಕದ ಯಂತ್ರದ ವಿಷಯವನ್ನು ಮಗ ಹೇಳಿದ. ನಮ್ಮ ಕೈಗೆ ಎಟುಕುವಂಥದಲ್ಲ.

ಕೊನೆಗೆ ಆರಿಸಿದ್ದು ಅಲ್ಯೂಮಿನಿಯಂ ಮೇಲ್ಮೈಯ 10 ಇಂಚಿನ ಯಂತ್ರ. ನಮ್ಮ ಉಪ್ಪುಗಾಳಿಗೆ ಎರಕದ ಕಬ್ಬಿಣವಾದರೆ ಒಂದೇ ಮಳೆಗಾಲದಲ್ಲಿ ತುಕ್ಕು ಹಿಡಿಯುತ್ತದೆ. ಇಬ್ಬರು ಎತ್ತಿ ಒಳಗಿಡುವಷ್ಟು ಹಗುರ. ಚಾವಡಿಯಲ್ಲಿದ್ದುದು 6 ಆಂಪಿಯರಿನ ಸಾಕೆಟ್. 2000 ವಾಟ್ ಯಂತ್ರ ಎಳೆಯುವುದೇ ಒಂಬತ್ತು ಆಂಪಿಯರಿನಷ್ಟು. ಆದ್ದರಿಂದ 16 ಆಂಪಿಯರಿನದನ್ನು ಹಾಕಿಸಿದೆವು. ಕಟರನ್ನು ಮಗ ತಾನಾಗಿಯೇ ಹಿಂದಿರುಗಿಸಿ ಬಂದ.

ಮೊದಲ ದಿನ ಅಣ್ಣ ಅದನ್ನು ಚಾಲೂ ಮಾಡಗೊಡಲಿಲ್ಲ. ಉಳಿ ಹಿಡಿದು ಕುಳಿತು, ಹಲಗೆಯನ್ನು ತಳ್ಳಲು ಬೇಕಾದ ಕೋಲೊಂದನ್ನು ಹಲಸಿನ ಮರದಲ್ಲಿ ಕೆತ್ತಿದ. ಅದನ್ನು ಮುಗಿಸುವಷ್ಟರಲ್ಲಿ ಕಾರವಾರದ ಕೊನೆಯ ಬಸ್ಸಿನ ಹೊತ್ತಾಯಿತು. ಈಗ ಮಳೆಗಾಲ. ಯಂತ್ರ ಒಳಕೋಣೆಯ ಮಂಚದ ಕೆಳಗೆ ಹಳೆಯ ಸೀರೆ ಹೊದ್ದು ಮಲಗಿದೆ. ಕೋಲು ಮಾತ್ರ ಬಾಗಿಲ ಹಿಂದಿನ ಮೊಳೆಯಲ್ಲಿ ನೇತಾಡುತ್ತಿದೆ.