ಸೆಂಟು ಸಾಹೇಬರು

ನಮ್ಮ ಬ್ಯಾಂಕಿನ ಮೆಟ್ಟಿಲು ಹತ್ತುತ್ತಾ ಯಾರಾದರೂ "ಸೆಂಟು ಸಾಹೇಬ್ರು ಇದಾರಾ?" ಎಂದು ಕೇಳಿದರೆ, ಮಲ್ಲಂದೂರಿಗೆ ಹೊಸಬರಾದವರು ಅತ್ತರು ಪೂಸಿಕೊಂಡು ಕೂತ ಯಾರೋ ಶೋಕಿಲಾಲನನ್ನು ಊಹಿಸಿಕೊಳ್ಳುತ್ತಿದ್ದರು. ಒಳಗಿನಿಂದ ಬರುತ್ತಿದ್ದ ಮನುಷ್ಯನ ಪ್ಯಾಂಟು ಮೊಣಕಾಲಿನವರೆಗೆ ಕೆಸರು. ಕಾಲುಚೀಲದ ಮೇಲೆ ಇಂಬಳ ಕಚ್ಚಿದ ಜಾಗದಲ್ಲಿ ರಕ್ತ ಒಣಗಿ ಕಪ್ಪಾಗಿರುತ್ತಿತ್ತು. ಹತ್ತಿರ ಬಂದರೆ ಬರುತ್ತಿದ್ದದ್ದು ಸುಣ್ಣ, ಹೊಗೆಸೊಪ್ಪಿನ ವಾಸನೆ. ಅದೂ ಬಾಯಿಂದಲ್ಲ, ಇಂಬಳ ಹತ್ತದಿರಲಿ ಎಂದು ಬೂಟಿಗೆ ಬಳಿದುಕೊಂಡಿದ್ದು.

ಘಟ್ಟದ ಕೆಳಗಿನವರಿಗೆ ಸೆಂಟು ಎಂದರೆ ಜಾಗದ ಲೆಕ್ಕ. ನಮ್ಮಲ್ಲಿ ಜಾಗಕ್ಕೆ ಎಕರೆ, ಗುಂಟೆ. ಸೆಂಟು ಏನಿದ್ದರೂ ಮಳೆಗೆ. ಇಂಚಿನ ನೂರನೇ ಒಂದು ಪಾಲು. ದೇಶ ಮಿಲಿಮೀಟರಿಗೆ ಹೋಗಿ ಎಷ್ಟೋ ಕಾಲವಾದರೂ ಕಾಫಿ ಸೀಮೆ ಇಂಗ್ಲಿಷ್ ದೊರೆಗಳು ಬಿಟ್ಟುಹೋದ ಇಂಚನ್ನು ಬಿಟ್ಟಿಲ್ಲ. ಮದುವೆ ಮನೆಯಲ್ಲಾಗಲಿ, ಹನ್ನೊಂದನೇ ದಿನದ ಊಟದಲ್ಲಾಗಲಿ, ಎಲೆ ಮುಂದೆ ಕೂತವರ ಮೊದಲ ಮಾತು "ನಿಮ್ಮಲ್ಲಿ ಎಷ್ಟಾಯ್ತು?" ಎಂದೇ. "ಒಂದು ಹತ್ತು" ಎಂದರೆ ಒಂದು ಇಂಚು ಹತ್ತು ಸೆಂಟು. ಸಾಲದ ವಿಷಯದಲ್ಲಿ, ಮಗಳ ವಯಸ್ಸಿನ ವಿಷಯದಲ್ಲಿ ಒಂದಿಷ್ಟು ಹೆಚ್ಚುಕಮ್ಮಿ ಹೇಳುವ ನಮ್ಮವರು ಮಳೆಯ ವಿಷಯದಲ್ಲಿ ಮಾತ್ರ ಸುಳ್ಳು ಹೇಳುವುದಿಲ್ಲ ಎಂದು ನಾನು ನಂಬಿದ್ದೆ. ಆ ನಂಬಿಕೆಯನ್ನೂ ಕೆಡಿಸಿದವರು ಸೆಂಟು ಸಾಹೇಬರೇ.

ಅವರು ಗದಗಿನ ಕಡೆಯವರು. 1994ರ ಜೂನ್ ತಿಂಗಳಲ್ಲಿ ನಮ್ಮ ಶಾಖೆಗೆ ಕೃಷಿ ಅಧಿಕಾರಿಯಾಗಿ ಬಂದಾಗ ಕೈಯಲ್ಲಿ ಒಂದು ಟ್ರಂಕು, ಒಂದು ಮಡಚುವ ಕೊಡೆ. ಆ ಕೊಡೆ ಮೊದಲನೇ ವಾರವೇ ಗಾಳಿಗೆ ಮಗುಚಿ ಅಸ್ಥಿಪಂಜರವಾಯಿತು. ವರ್ಷಕ್ಕೆ ಇಪ್ಪತ್ತೈದು ಇಂಚು ಮಳೆ ಬಂದರೆ ಪುಣ್ಯ ಎನ್ನುವ ನಾಡಿನವರಿಗೆ, ಅಷ್ಟು ಮಳೆಯನ್ನು ಜುಲೈ ಒಂದೇ ತಿಂಗಳಲ್ಲಿ ಸುರಿದುಬಿಡಬಲ್ಲ ಊರು. ಹದಿನೈದು ದಿನ ಸೂರ್ಯನನ್ನೇ ಕಾಣದೆ ಕಿಟಕಿಗೆ ಮೂಗು ಒತ್ತಿಕೊಂಡು ನಿಂತವರು ನನ್ನ ಕಡೆ ತಿರುಗಿ, "ಗೌಡ್ರ, ಈ ಮಳಿಗೆ ಸೂಟಿ ಅನ್ನೂದ ಇಲ್ಲೇನ್ರಿ?" ಎಂದರು. ವರ್ಗಾವಣೆಗೆ ಅರ್ಜಿ ಬರೆಯುತ್ತಾರೆ ಎಂದುಕೊಂಡೆ. ಮಾರನೇ ದಿನ ಚಿಕ್ಕಮಗಳೂರಿಗೆ ಹೋಗಿ ಗಂಬೂಟು ಕೊಂಡು ತಂದರು.

ಹಾಗೆ ನೋಡಿದರೆ ಅವರು ಮಲೆನಾಡಿನ ಶಾಖೆಯೇ ಬೇಕೆಂದು ಕೇಳಿಕೊಂಡು ಬಂದಿದ್ದರಂತೆ. ಕಾಲೇಜಿನಲ್ಲಿದ್ದಾಗ ತೇಜಸ್ವಿಯವರ 'ಕರ್ವಾಲೊ' ಓದಿ ಹಾರುವ ಓತಿಯ ಹುಚ್ಚು ಹತ್ತಿತ್ತು. 1980ರಲ್ಲಿ ಬಂದ ಆ ಕಾದಂಬರಿ ಓದಿ ಎಷ್ಟೋ ಹುಡುಗರು ಒಂದು ವಾರ ಕಾಡು, ಬೆಟ್ಟ ಎಂದು ಮಾತಾಡಿ ಆಮೇಲೆ ಬ್ಯಾಂಕ್ ಪರೀಕ್ಷೆಗೆ ಓದಲು ಕೂತರು. ಇವರು ಬ್ಯಾಂಕ್ ಪರೀಕ್ಷೆಯನ್ನೂ ಪಾಸು ಮಾಡಿಕೊಂಡು, ಹುಚ್ಚನ್ನೂ ಉಳಿಸಿಕೊಂಡರು. ಇದೇ ಜಿಲ್ಲೆಯಲ್ಲಿ ಹುಟ್ಟಿ, ಅಪ್ಪನ ನಾಲ್ಕು ಎಕರೆ ತೋಟದಲ್ಲೇ ಬೆಳೆದ ನನಗೆ ಓತಿ ಎಂದರೆ ಬೇಲಿ ಮೇಲೆ ತಲೆ ಆಡಿಸುವ ಪ್ರಾಣಿ. ಅದು ಹಾರಿದರೆಷ್ಟು, ಬಿಟ್ಟರೆಷ್ಟು?

ಬೆಳೆಸಾಲದ ಇನ್ಸ್‌ಪೆಕ್ಷನ್ ಎಂಬುದು ನಮ್ಮಲ್ಲಿ ಸಾಮಾನ್ಯವಾಗಿ ತೋಟದ ಮನೆಯ ಜಗಲಿಯಲ್ಲೇ ಮುಗಿಯುತ್ತದೆ. ಸಾಹುಕಾರರು ಅಕ್ಕಿ ರೊಟ್ಟಿ, ಕಾಫಿ ತರಿಸುತ್ತಾರೆ; ನಾವು ಸಹಿ ಹಾಕುತ್ತೇವೆ. ಸೆಂಟು ಸಾಹೇಬರು ರೊಟ್ಟಿ ತಿಂದ ಮೇಲೂ ಏಳುತ್ತಿದ್ದರು. ತೋಟದ ನಾಲ್ಕೂ ಮೂಲೆ ಸುತ್ತಬೇಕು, ಬಿಳಿ ಕಾಂಡಕೊರಕ ಬಿದ್ದ ಗಿಡ ಎಷ್ಟು ಎಣಿಸಬೇಕು, ಮರಗಸಿ ಹೇಗಾಗಿದೆ ನೋಡಬೇಕು. ಅದೆಲ್ಲ ಸರಿ. ಆದರೆ ವರದಿಯ ಕೊನೆಯಲ್ಲಿ ಒಂದು 'ಷರಾ' ಕಾಲಂ ಇರುತ್ತದಲ್ಲ, ಅಲ್ಲಿ ಬಾಕಿಯವರು 'ಬೆಳೆ ತೃಪ್ತಿಕರ' ಎಂದು ಬರೆಯುವ ಕಡೆ ಇವರು ಬರೆದಿಟ್ಟದ್ದನ್ನು ನಾನೇ ಕಣ್ಣಾರೆ ಕಂಡಿದ್ದೇನೆ: 'ಬೆಳೆ ತೃಪ್ತಿಕರ. ಕೆರೆ ಏರಿಯ ಹಳೇ ಮರದ ಪೊಟರೆಯಲ್ಲಿ ಮಂಗಟ್ಟೆ ಗೂಡು ಇದೆ. ಸಾಲಗಾರರು ಮರ ಕಡಿಯುವುದಿಲ್ಲ ಎಂದಿದ್ದಾರೆ. ನಂಬಬಹುದು.'

ಮೇಲಿನ ಕಚೇರಿಯಿಂದ ವಿವರಣೆ ಕೇಳಿ ಪತ್ರ ಬಂತು. ಮಂಗಟ್ಟೆ ಎಂದರೇನು, ಅದು ಸಾಲದ ಭದ್ರತೆಗೆ ಹೇಗೆ ಸಂಬಂಧ? ಇವರು ಎರಡು ಪುಟ ಉತ್ತರ ಬರೆದರು. ಹೆಣ್ಣು ಮಂಗಟ್ಟೆ ಪೊಟರೆಯೊಳಗೆ ಕೂತು ಅದರ ಬಾಯಿಯನ್ನು ಮುಚ್ಚಿಕೊಳ್ಳುತ್ತದೆ, ಕೊಕ್ಕು ತೂರುವಷ್ಟು ಮಾತ್ರ ಸಂದು ಬಿಡುತ್ತದೆ, ಮೊಟ್ಟೆ ಒಡೆದು ಮರಿ ಬಲಿಯುವವರೆಗೂ ಗಂಡು ಆ ಸಂದಿನಲ್ಲೇ ಹಣ್ಣು ತಂದು ಕೊಡುತ್ತದೆ, ಹಾಗಾಗಿ ಗಂಡು ಸತ್ತರೆ ಸಂಸಾರವೇ ಮುಳುಗಿತು, ಇತ್ಯಾದಿ. ಕೊನೆಗೆ, 'ಇಂಥ ಮರ ಉಳಿಸಿಕೊಂಡ ಸಾಲಗಾರ ಕಂತು ತಪ್ಪಿಸುವುದಿಲ್ಲ ಎಂಬುದು ನನ್ನ ಅನುಭವ.' ಮರುಪತ್ರ ಬರಲಿಲ್ಲ. ಆ ಸಾಲಗಾರರು ಮುಂದೆ ಎರಡು ಕಂತು ತಪ್ಪಿಸಿದರು ಎಂಬುದನ್ನೂ ಹೇಳಿಬಿಡಬೇಕು. ಮರ ಮಾತ್ರ ಈಗಲೂ ಇದೆ.

ಕಾಡುಮರ ತೆಗೆಸಿ ಸಿಲ್ವರ್ ಓಕ್ ನೆಡುವವರನ್ನು ಕಂಡರೆ ಅವರಿಗೆ ಆಗುತ್ತಿರಲಿಲ್ಲ. ಅತ್ತಿ, ಬಸರಿ, ಗೋಣಿ ಇದ್ದ ತೋಟಕ್ಕೂ ಸಿಲ್ವರ್ ಸಾಲಿಗೂ ಬೆಳಗಿನ ಸದ್ದಿನಲ್ಲೇ ವ್ಯತ್ಯಾಸ ಗೊತ್ತಾಗುತ್ತದೆ ಎನ್ನುವರು. "ಅದರ ಮ್ಯಾಲೆ ಯಾವ ಹಕ್ಕಿ ಕೂಡತೈತ್ರಿ?" ಎಂದು ನನ್ನನ್ನೇ ಗದರಿದಂತೆ ಕೇಳುವರು. ಇದರಲ್ಲಿ ನನಗೆ ಪೂರ್ತಿ ಒಪ್ಪಿಗೆಯಿಲ್ಲ. ಸಿಲ್ವರ್ ಹೂ ಬಿಟ್ಟಾಗ ಸೂರಕ್ಕಿಗಳು ಮುತ್ತುವುದನ್ನು ನೋಡಿದ್ದೇನೆ, ಮೆಣಸಿನ ಬಳ್ಳಿಗೂ ಅದು ನೆಟ್ಟಗೆ ನಿಂತು ಆಸರೆ ಕೊಡುತ್ತದೆ. ಕಾಫಿಗೆ ರೇಟು ಬಿದ್ದ ವರ್ಷಗಳಲ್ಲಿ ಸಣ್ಣ ಹಿಡುವಳಿದಾರನ ಮನೆ ಒಲೆ ಉರಿಸಿದ್ದು ಆ ಮೆಣಸೇ. ಹೀಗೆ ಹೇಳಿದರೆ ಅವರು ಕಿವಿ ಕೇಳದವರಂತೆ ಮರ ನೋಡುತ್ತಾ ಮುಂದೆ ಹೋಗಿಬಿಡುತ್ತಿದ್ದರು.

ಇನ್ನು ಓತಿ. ಮುತ್ತೋಡಿ ಕಾಡಿನ ದಾರಿಯ ಒಂದು ಅಡಿಕೆ ತೋಟದಲ್ಲಿ ಅವರು ನನ್ನ ರಟ್ಟೆ ಹಿಡಿದು ನಿಲ್ಲಿಸಿದ್ದು ನೆನಪಿದೆ. "ಆ ಮರ. ಎದಿ ಎತ್ತರದಾಗ. ನೋಡ್ರಿ." ನನಗೆ ಕಂಡದ್ದು ಅಡಿಕೆ ಮರದ ತೊಗಟೆ, ಅದರ ಮೇಲೆ ಬೂದು ಕಲೆ. ಐದು ನಿಮಿಷ ಹಾಗೇ ನಿಂತೆವು. ನನ್ನ ಕಾಲಿಗೆ ಇಂಬಳ ಹತ್ತುತ್ತಿರುವುದು ಗೊತ್ತಾಗುತ್ತಿತ್ತು, ಬಗ್ಗಲು ಬಿಡಲಿಲ್ಲ. ಆಗ ಆ ಬೂದು ಕಲೆಯ ಗಂಟಲಿನಿಂದ ಅರಿಸಿನ ಬಣ್ಣದ ಒಂದು ನಾಲಿಗೆಯಂಥದ್ದು ಚಾಚಿ ಒಳಗೆ ಹೋಯಿತು. ಮತ್ತೊಮ್ಮೆ ಚಾಚಿತು. ತೊಗಟೆಗೆ ಕಣ್ಣು ಮೂಡಿತು, ಕಾಲು ಮೂಡಿತು, ಸಪೂರ ಬಾಲ ಮೂಡಿತು. ಗೇಣುದ್ದದ ಪ್ರಾಣಿ ಸರಸರ ಮರ ಏರಿ, ತುದಿ ಹತ್ತಿರ ನಿಂತು, ಜಿಗಿಯಿತು. ಪಕ್ಕೆಲುಬುಗಳನ್ನು ಕೊಡೆ ಕಡ್ಡಿಯ ಹಾಗೆ ಬಿಡಿಸಿ, ನಡುವಿನ ತೆಳು ಚರ್ಮ ಬಿಸಿಲಿಗೆ ಹೊಳೆದು, ಮೂರು ಮರ ದಾಟಿ ನಾಲ್ಕನೆಯದರ ಬುಡದ ಕಡೆ ಕೂತು ಮತ್ತೆ ತೊಗಟೆಯಾಯಿತು. ರೆಕ್ಕೆ ಬಡಿತವಿಲ್ಲ, ಸದ್ದಿಲ್ಲ. ಅದರ ಊಟ ಇರುವೆ. ಹೆಣ್ಣು ಮೊಟ್ಟೆಯಿಡಲು ಬಿಟ್ಟರೆ ನೆಲಕ್ಕೆ ಇಳಿಯುವುದೇ ಅಪರೂಪ ಎಂದು ಅವರು ಪಿಸುಗುಟ್ಟುತ್ತಿದ್ದರು. ನಾನು ಹುಟ್ಟಿದಾಗಿನಿಂದ ಇಂಥ ಅಡಿಕೆ ತೋಟಗಳಲ್ಲಿ ಓಡಾಡಿದವನು. ಒಂದು ನೂರು ಸಲವಾದರೂ ಅದರ ಪಕ್ಕದಲ್ಲೇ ಹಾದುಹೋಗಿರಬೇಕು. ಆ ದಿನ ಬ್ಯಾಂಕಿಗೆ ವಾಪಸು ಬರುವವರೆಗೂ ನಾನು ಮಾತಾಡಲಿಲ್ಲ. ಕಾಲಿನಿಂದ ಏಳು ಇಂಬಳ ಕಿತ್ತೆ.

ಮಲ್ಲಂದೂರು ಈಚಿನವರಿಗೆ ಮುತ್ತೋಡಿಗೆ ಹೋಗುವಾಗ ಸಿಗುವ ಊರು, ಟೀ ಕುಡಿಯಲು ಜೀಪು ನಿಲ್ಲಿಸುವ ಜಾಗ. ಸಾಹೇಬರ ಪ್ರಕಾರ ಊರಿನ ಭೂಗೋಳ ಬೇರೆಯೇ ಇತ್ತು. ಬಾಬಾಬುಡನ್ ಬೆಟ್ಟಸಾಲು ಕುದುರೆ ಲಾಳದ ಹಾಗೆ ಬಾಗಿದೆ, ಲಾಳದೊಳಗೆ ಜಾಗರ ಕಣಿವೆ, ಅದರ ನೀರೆಲ್ಲ ಸೋಮವಾಹಿನಿಗೆ ಇಳಿದು ಭದ್ರೆ ಸೇರುತ್ತದೆ. 'ಚಂದ್ರದ್ರೋಣ' ಎಂಬ ಹೆಸರೂ ಆ ಬಾಗಿಗೇ ಬಂದದ್ದು. ಮಳೆ ಹೇಗೆ ಬೀಳುತ್ತದೆ ಎಂಬುದು ಆ ಬಾಗಿನ ಯಾವ ಮಗ್ಗುಲಲ್ಲಿ ನಿಮ್ಮ ತೋಟವಿದೆ ಎಂಬುದರ ಮೇಲೆ ನಿಂತಿದೆ. ಅದಕ್ಕೇ ತೋಟದಿಂದ ತೋಟಕ್ಕೆ ಸೆಂಟು ಕೇಳಿ ಬರೆದುಕೊಳ್ಳುತ್ತಿದ್ದರು. ಬ್ಯಾಂಕಿನ ಹಳೇ ಡೈರಿಗಳ ತುಂಬ ಅದೇ.

1951ರಲ್ಲಿ ಜಾಗರ ಕಣಿವೆ ಅಭಯಾರಣ್ಯವಾಯಿತು. 1974ರಲ್ಲಿ ಲಕ್ಕವಳ್ಳಿ ಕಾಡೂ ಸೇರಿ ಭದ್ರಾ ಎನಿಸಿಕೊಂಡಿತು. 1998ರಲ್ಲಿ ಹುಲಿ ಯೋಜನೆ ಬಂತು. 2001-02ರಲ್ಲಿ ಕಾಡಿನೊಳಗಿನ ಹಳ್ಳಿಗಳವರು ಗಂಟುಮೂಟೆ ಕಟ್ಟಿಕೊಂಡು ಕೆಳಗೂರಿಗೆ, ತರೀಕೆರೆ ತಾಲ್ಲೂಕಿನ ಎಂ.ಸಿ. ಹಳ್ಳಿಗೆ ಹೋದರು. ಲೆಡ್ಜರಿನಲ್ಲಿ ವಿಳಾಸ ತಿದ್ದುವ ಕೆಲಸ ನಮಗೆ. ಹಕ್ಕಿ, ಹುಲಿ ಎಂದು ಪ್ರಾಣ ಬಿಡುವ ಸಾಹೇಬರು ಖುಷಿಪಡುತ್ತಾರೆ ಎಂದುಕೊಂಡಿದ್ದೆ. ಅವರು ಒಂದೊಂದು ಹೆಸರಿನ ಮುಂದೆಯೂ ಪೆನ್ನು ಹಿಡಿದು ಕೂತಿರುತ್ತಿದ್ದರು. ಕಾಡಿನ ಆ ಹಳ್ಳಿಯೊಂದರಲ್ಲಿ ಒಬ್ಬ ಅಜ್ಜಿ ಅವರಿಗೆ ಕಳಲೆ ಪಲ್ಯ ಬಡಿಸಿದ್ದಳು, ಕೆಸುವಿನ ಸೊಪ್ಪಿನ ತುರಿಕೆಗೆ ಹುಳಿ ಎಷ್ಟು ಬೇಕೆಂದು ಹೇಳಿಕೊಟ್ಟಿದ್ದಳು. ಮುಂದೆ ಆ ಗದ್ದೆ ಬಯಲೆಲ್ಲ ಹುಲ್ಲುಗಾವಲಾಗಿ ಕಾಟಿಗಳು ಮೇಯತೊಡಗಿದಾಗ ನೋಡಿಕೊಂಡು ಬಂದು, "ಕಾಟಿ ದಂಡು ಚಂದ ಐತ್ರಿ. ಅಜ್ಜಿನೂ ಚಂದ ಇದ್ಲು," ಎಂದರು. ಆ ಬಗ್ಗೆ ಮತ್ತೆ ಮಾತೆತ್ತಲಿಲ್ಲ.

ಈಗ ಕಪ್ಪೆಯ ವಿಷಯ. ಒಂದು ವರ್ಷ ಮಾರ್ಚಿನಲ್ಲಿ ಹೂಮಳೆ ಬಿತ್ತು. ಕಾಫಿಯವನಿಗೆ ವರ್ಷದ ಭವಿಷ್ಯವೇ ಆ ಒಂದು ಮಳೆ. ಮೊಗ್ಗು ಒಣಗಿ ಕಾಯುತ್ತಿರುತ್ತದೆ. ಸರಿಯಾಗಿ ಒಂದು ಇಂಚು ಬಿದ್ದರೆ ಎಂಟು-ಹತ್ತು ದಿನಕ್ಕೆ ಬೆಟ್ಟವೆಲ್ಲ ಬೆಳ್ಳಗೆ ಅರಳಿ ಮಲ್ಲಿಗೆಯ ಘಮಲು. ನೋಡಿ, ಸೆಂಟಿಗೆ ಆ ಅರ್ಥವೂ ಇಲ್ಲಿ ಸಲ್ಲುತ್ತದೆ. ಕಮ್ಮಿ ಬಿದ್ದರೆ ಮೊಗ್ಗು ಅರ್ಧಕ್ಕೇ ನಿಂತು ಕೆಂಪಗೆ ಕರಟುತ್ತದೆ. ಒಬ್ಬ ಬೆಳೆಗಾರರು ಬ್ಯಾಂಕಿಗೆ ಬಂದು, ಪಕ್ಕದ ತೋಟಕ್ಕೆ ಒಂದು ಹತ್ತು, ನನಗೆ ಬರೀ ನಲವತ್ತು ಸೆಂಟು, ದೇವರಿಗೂ ಪಕ್ಷಪಾತ, ಸಾಲದ ಕಂತು ಮುಂದೆ ಹಾಕಿ ಎಂದು ಕೂತರು. ಸಾಹೇಬರು ಎದ್ದು ಅವರ ಬೈಕಿನ ಹಿಂದೆಯೇ ಹೋದರು. ನಾನೂ ಹೋದೆ. ಕಣದ ಪಕ್ಕದಲ್ಲಿ ಮಳೆಮಾಪಕ. ಮುಚ್ಚಳವಿಲ್ಲದ ಆಲಿಕೆಯೊಳಗೆ ಸಾಹೇಬರು ಇಣುಕಿ ನೋಡಿ, ನನಗೂ ನೋಡಲು ಕೈ ಮಾಡಿದರು. ಆಲಿಕೆಯ ತೂತಿಗೆ ಸರಿಯಾಗಿ ಹೆಬ್ಬೆರಳಿನ ಉಗುರಿನಷ್ಟು ಒಂದು ಕಪ್ಪೆ, ಬೆಣ್ಣೆ ಬಣ್ಣದ್ದು, ಬಿರಡೆ ಜಡಿದಂತೆ ಕೂತಿತ್ತು. ಮಳೆಯೆಲ್ಲ ತುಂಬಿ ಹೊರಚೆಲ್ಲಿ, ಕಪ್ಪೆ ಕೃಪೆ ತೋರಿದಷ್ಟು ಮಾತ್ರ ಕೆಳಗಿನ ಸೀಸೆಗೆ ಇಳಿದಿದೆ.

ಬೆಳೆಗಾರರು ನಾಚಿಕೊಂಡು, "ಆ ನಲವತ್ತು ಹೊಡೆದುಹಾಕಿ ಸಾರ್," ಎಂದರು. ಸಾಹೇಬರು ಒಪ್ಪಲಿಲ್ಲ. "ಸುಳ್ಳು ಅಂಕಿ ಅಳಸಬಾರದ್ರಿ. ಯಾಕ ಸುಳ್ಳಾತು ಅದನ್ನ ಬರೀಬೇಕ್ರಿ." ಡೈರಿಯಲ್ಲಿ ಬರೆದರು: 40 (ಕಪ್ಪೆ).

ನಿವೃತ್ತರಾಗಿ ಹುಬ್ಬಳ್ಳಿಗೆ ಹೋಗುವ ಮುಂಚೆ ನನಗೆ ಒಂದು ಮಳೆಮಾಪಕ ತಂದುಕೊಟ್ಟರು. ಹಿತ್ತಿಲಲ್ಲಿ ಮರದ ನೆರಳು ತಾಗದ ಜಾಗ ನೋಡಿ, ಮಟ್ಟಗೋಲು ಹಿಡಿದು, ತಾವೇ ಸಿಮೆಂಟು ಹಾಕಿ ನಿಲ್ಲಿಸಿದರು. ಅಳತೆ ಬೆಳಿಗ್ಗೆ 8.30ಕ್ಕೇ ಆಗಬೇಕು, ಹವಾಮಾನ ಇಲಾಖೆಯವರು ಹಾಗೇ ಮಾಡುತ್ತಾರೆ. ಗಾಜಿನ ಅಳತೆಪಾತ್ರೆಯನ್ನು ಕಣ್ಣಿನ ಮಟ್ಟಕ್ಕೆ ಹಿಡಿದು ನೀರಿನ ತಗ್ಗಿದ ಅಂಚನ್ನು ಓದಬೇಕು, ಮೇಲಿನಿಂದ ನೋಡಬಾರದು. ಮಂಡಿ ನೋವಿನವನಿಗೆ ಒದ್ದೆ ನೆಲದಲ್ಲಿ ಮಂಡಿಯೂರುವ ಕೆಲಸ ಹಚ್ಚಿ ಹೋದ ಮಹಾನುಭಾವ. ಅಲ್ಲಿಂದ ದಿನಾ ಒಂಬತ್ತಕ್ಕೆ ಫೋನು: "ಎಷ್ಟ್ ಆತ್ರಿ?" ಮಳೆ ಬರದ ದಿನವೂ ಫೋನು. "ಸೊನ್ನೆ" ಎಂದರೆ, "ಸೊನ್ನಿನೂ ಬರೀರಿ," ಎನ್ನುವರು. ಮಾತು ಅಲ್ಲಿಂದ ಓತಿಗೆ, ಓತಿಯಿಂದ ಅಕ್ಕಿ ರೊಟ್ಟಿಗೆ. ಹುಬ್ಬಳ್ಳಿಯ ಅವರ ತಾರಸಿ ಮೇಲೂ ಒಂದು ಮಾಪಕವಿತ್ತು. ನಮ್ಮ ಅಂಕಿ ಕೇಳಿದ ಮೇಲೆ ಅವರದನ್ನು ಹೇಳಲು ಅವರಿಗೆ ಸಂಕೋಚ.

ಹೋದ ವರ್ಷ ಜನವರಿಯಲ್ಲಿ ಒಂದು ದಿನ ಒಂಬತ್ತಕ್ಕೆ ಬಂದ ಫೋನಿನಲ್ಲಿ ಅವರ ಮಗನ ದನಿ. ರಾತ್ರಿ ಎದೆನೋವು ಬಂದಿತ್ತಂತೆ, ಆಸ್ಪತ್ರೆ ತಲುಪುವ ಮೊದಲೇ ಹೋದರಂತೆ. ನಾನು ಏನು ಹೇಳಿದೆನೋ ನೆನಪಿಲ್ಲ. ಆ ದಿನದ ಪುಟದಲ್ಲಿ ಸೊನ್ನೆ ಬರೆದಿದ್ದೇನೆ. ಹದಿಮೂರನೇ ದಿನಕ್ಕೆ ಹೋದಾಗ ಅವರ ಮನೆಯವರು ಆ ಡೈರಿಗಳ ಕಟ್ಟನ್ನು ನನ್ನ ಕೈಗೆ ಕೊಟ್ಟು, "ಇದರಾಗ ಏನೈತಿ ಅಂತ ನಮಗ್ಯಾರಿಗೂ ತಿಳ್ಯಂಗಿಲ್ರಿ ಅಣ್ಣಾರ, ನೀವ ಇಟ್ಕೋರಿ," ಎಂದರು. ಕೆಎಸ್‌ಆರ್‌ಟಿಸಿ ಬಸ್ಸಿನಲ್ಲಿ ತೊಡೆ ಮೇಲೆ ಇಟ್ಟುಕೊಂಡು ತಂದೆ.

ಮಾರ್ಚಿನ ಮೂರನೇ ವಾರ ರಾತ್ರಿ ಗುಡುಗಿ ಹೂಮಳೆ ಬಿತ್ತು. ಹೆಂಚಿನ ಮೇಲಿನ ಸದ್ದು ಕೇಳುತ್ತಾ ಮಲಗಿದಲ್ಲೇ ಒಂದು ಇಂಚು ದಾಟಿತು ಎಂದು ಲೆಕ್ಕ ಹಾಕಿದೆ. ಬೆಳಿಗ್ಗೆ ಗಡಿಯಾರ ನೋಡಿಕೊಂಡು ಹಿತ್ತಿಲಿಗೆ ಹೋಗಿ ಮಂಡಿಯೂರಿ ಸೀಸೆ ತೆಗೆದು ಅಳೆದರೆ ಅರವತ್ತೆಂಟು. ಇನ್ನೊಮ್ಮೆ ಅಳೆದೆ. ಅಷ್ಟೇ. ಎದ್ದು ನಿಂತು ಆಲಿಕೆಯೊಳಗೆ ಇಣುಕಿದೆ. ಬೆಣ್ಣೆ ಬಣ್ಣದ್ದು, ಗಂಟಲು ಪಟಪಟ ಬಡಿದುಕೊಳ್ಳುತ್ತಾ ಕೂತಿತ್ತು.

ಒಳಗೆ ಬಂದು ಅವರ ಕೊನೆಯ ಡೈರಿಯಲ್ಲಿ ಖಾಲಿ ಉಳಿದ ಪುಟ ತೆಗೆದು ಬರೆದೆ: 68 (ಕಪ್ಪೆ).

ಒಂಬತ್ತಕ್ಕೆ ಫೋನು ಬಡಿದುಕೊಂಡಿತು. ಪಕ್ಕದ ತೋಟದವರು. "ನಿಮ್ಮಲ್ಲಿ ಎಷ್ಟಾಯ್ತು ಮಾರಾಯ್ರೆ?"

"ಅರವತ್ತೆಂಟು."

"ಹೌದಾ? ನಮ್ಮಲ್ಲಿ ಒಂದು ಐದು," ಎಂದರು. ದನಿಯಲ್ಲಿ ಮರುಕವೂ ಇತ್ತು, ಸಂತೋಷವೂ ಇತ್ತು. ಕಪ್ಪೆಯ ವಿಷಯ ನಾನು ಹೇಳಲಿಲ್ಲ.