ಸೂಳಗಿರಿಯ ಹೆದ್ದಾರಿಯೂ ಸೇನೆಯ ಹಳೆಯ ಲಾರಿಗಳೂ

ಹೊಸೂರಿನಿಂದ ಕೃಷ್ಣಗಿರಿಯತ್ತ 44ನೆಯ ರಾಷ್ಟ್ರೀಯ ಹೆದ್ದಾರಿಯಲ್ಲಿ ಸುಮಾರು 25 ಕಿಲೋಮೀಟರು ಸಾಗಿದರೆ ಸೂಳಗಿರಿ ಎದುರಾಗುತ್ತದೆ. ಶೂಲದಂತೆ ಮೊನಚಾಗಿ ನಿಂತ ಬೆಟ್ಟದಿಂದಲೇ ಊರಿಗೆ ಈ ಹೆಸರು ಬಂದಿತೆಂದು ಜನ ಹೇಳುತ್ತಾರೆ. ಕನ್ನಡ, ತೆಲುಗು, ತಮಿಳು ಮೂರೂ ಇಲ್ಲಿನ ಸಂತೆಯಲ್ಲಿ ಬೆರೆತು ಕೇಳಿಸುತ್ತವೆ. ಕೊತ್ತಂಬರಿ, ಪುದೀನ, ಟೊಮೆಟೊ ಹೇರಿದ ಲಾರಿಗಳಿಗೆ ಈ ದಾರಿಯಲ್ಲಿ ಬಿಡುವೆಂಬುದಿಲ್ಲ.

ಸರಕಿಗಿಂತ ಮೊದಲು ಈ ಸೀಮೆಯನ್ನು ತುಳಿದದ್ದು ಸೈನ್ಯ. 1791ರ ಮೇ ತಿಂಗಳಲ್ಲಿ ಕಾರ್ನ್‌ವಾಲಿಸನ ಸೇನೆ ಶ್ರೀರಂಗಪಟ್ಟಣದ ಬಳಿ ಎಳೆಯುವ ಎತ್ತುಗಳನ್ನು ಕಳೆದುಕೊಂಡು, ತನ್ನ ಭಾರಿ ಫಿರಂಗಿಗಳನ್ನು ತಾನೇ ಹಾಳುಗೆಡವಿ ಹಿಮ್ಮೆಟ್ಟಿತು. ಅದೇ ಜುಲೈಯಲ್ಲಿ ಹೊಸೂರು, ರಾಯಕೋಟೆಗಳನ್ನು ಅದು ಹಿಡಿದದ್ದು ಮುಖ್ಯವಾಗಿ ಧಾನ್ಯ, ದನಗಳು ಬರುವ ದಾರಿಗಾಗಿ. 1824ರಲ್ಲಿ ಹೊಸೂರಿನ ಮತ್ತಿಗಿರಿಯಲ್ಲಿ ಕಂಪನಿಯ ಸೇನೆಗೆ ಕುದುರೆಗಳನ್ನು ಒದಗಿಸುವ ಕ್ಷೇತ್ರ ಆರಂಭವಾಯಿತು. ಇಂದು ಅದು ಸರ್ಕಾರದ ಜಾನುವಾರು ಕ್ಷೇತ್ರ.

ಎತ್ತು, ಕುದುರೆಗಳ ಆ ಹೊರೆಯನ್ನು ಸ್ವತಂತ್ರ ಭಾರತದಲ್ಲಿ ಹೊತ್ತದ್ದು ‘ಶಕ್ತಿಮಾನ್’ ಲಾರಿ. ಜರ್ಮನಿಯ ಮಾನ್ ಕಂಪನಿಯ ಪರವಾನಗಿಯಿಂದ ಜಬಲ್ಪುರದಲ್ಲಿ ಇದು ದಶಕಗಳ ಕಾಲ ತಯಾರಾಯಿತು. ಬಳಿಕ ಅದರ ಸ್ಥಾನಕ್ಕೆ ಅಶೋಕ್ ಲೇಲ್ಯಾಂಡಿನ ‘ಸ್ಟಾಲಿಯನ್’ ಬಂದಿತು. ಆ ಕಂಪನಿಯ ಕಾರ್ಖಾನೆ 1980ರಿಂದ ಹೊಸೂರಿನಲ್ಲಿದೆ.

ಸೇನೆ ಕಳಚಿಬಿಟ್ಟ ಲಾರಿಗಳು ಹರಾಜಿನಲ್ಲಿ ಸಾರ್ವಜನಿಕರ ಕೈಸೇರುತ್ತವೆ. ಎಲ್ಲ ಚಕ್ರಗಳಿಗೂ ಎಳೆತವಿರುವ ಇವು ಕೆಸರು, ಏರು, ಮರಳನ್ನು ಲೆಕ್ಕಿಸವು. ಆದಕಾರಣ ಮಲೆನಾಡು, ಕೊಡಗುಗಳಲ್ಲಿ ದಿಮ್ಮಿ ಸಾಗಿಸುವವರಿಗೆ ‘ಮಿಲಿಟರಿ ಲಾರಿ’ ಎಂದರೆ ಅಚ್ಚುಮೆಚ್ಚು. ಆದರೆ ಬಿಡಿಭಾಗಗಳು ಅಂಗಡಿಯಲ್ಲಿ ಸುಲಭವಾಗಿ ದೊರೆಯುವುದಿಲ್ಲ. ಗುಜರಿಯಲ್ಲಿ ಹುಡುಕಬೇಕು, ಇಲ್ಲವೇ ಲೇತಿನಲ್ಲಿ ಕಡೆಸಬೇಕು. ಹೀಗಾಗಿ ಬೇರೆ ಕಂಪನಿಯ ಎಂಜಿನ್ ಕೂರಿಸುವುದು, ಚಾಸಿಯನ್ನು ಉದ್ದ ಮಾಡುವುದು, ಹೊಸ ಬಾಡಿ ಕಟ್ಟುವುದು ಮೊದಲಾಗುತ್ತದೆ. ಮೆಕ್ಯಾನಿಕನ ಜಾಣ್ಮೆ ಮುಗಿದಲ್ಲಿ ಮಾಲೀಕನ ಪೀಕಲಾಟ ತೊಡಗುತ್ತದೆ.

ಮೇಲ್ಮುಖ ಬಾಣದ ಗುರುತಿನ ಸೇನಾ ಸಂಖ್ಯೆಯು ಸರ್ಕಾರದ ಒಡೆತನ ಮುಗಿದೊಡನೆ ಬೆಲೆ ಕಳೆದುಕೊಳ್ಳುತ್ತದೆ. 1988ರ ಮೋಟಾರು ವಾಹನ ಕಾಯಿದೆಯ 60ನೆಯ ಕಲಮಿನಂತೆ, ಕೊಂಡವನು ಸಾಮಾನ್ಯ ವಾಹನದಂತೆಯೇ ನೋಂದಣಿ ಮಾಡಿಸಬೇಕು. ತಯಾರಕರು ನಿಗದಿಪಡಿಸಿದ ವಿವರಗಳಿಗೆ ಭಿನ್ನವಾಗುವಂತೆ ವಾಹನವನ್ನು ಮಾರ್ಪಡಿಸುವುದನ್ನು 52ನೆಯ ಕಲಮು ನಿರ್ಬಂಧಿಸುತ್ತದೆ. 2019ರ ಜನವರಿಯಲ್ಲಿ ಸರ್ವೋಚ್ಚ ನ್ಯಾಯಾಲಯವೂ ಇದನ್ನೇ ಎತ್ತಿಹಿಡಿಯಿತು. ಅದೇ ವರ್ಷದ ತಿದ್ದುಪಡಿಯಂತೆ, ಅನುಮತಿಯಿಲ್ಲದ ಮಾರ್ಪಾಡಿಗೆ ಮಾಲೀಕನಿಗೆ ಆರು ತಿಂಗಳವರೆಗಿನ ಸೆರೆ, ಅಥವಾ ಪ್ರತಿ ಮಾರ್ಪಾಡಿಗೆ 5,000 ರೂಪಾಯಿ ದಂಡ, ಅಥವಾ ಎರಡೂ ವಿಧಿಸಬಹುದು.

ಗಡಿನಾಡಿನವರಿಗೆ ಇನ್ನೊಂದು ತೊಡಕು. ಕರ್ನಾಟಕದಲ್ಲಿ ನೋಂದಣಿಯಾದ ಲಾರಿಯನ್ನು ಹನ್ನೆರಡು ತಿಂಗಳು ಮೀರಿ ತಮಿಳುನಾಡಿನಲ್ಲಿ ಇಟ್ಟುಕೊಂಡರೆ ಇಲ್ಲಿನ ಗುರುತು ಪಡೆಯಲೇಬೇಕು. ಅದಕ್ಕೆ ಅಲ್ಲಿನ ನಿರಾಕ್ಷೇಪಣಾ ಪತ್ರ ಬೇಕು. ಆರ್‌ಸಿಯಲ್ಲಿನ ಎಂಜಿನ್ ಸಂಖ್ಯೆಯೂ ಲಾರಿಯಲ್ಲಿನ ಸಂಖ್ಯೆಯೂ ತಾಳೆಯಾಗದಿದ್ದರೆ ಕೆಲಸ ಅಲ್ಲಿಗೇ ನಿಂತಂತೆ. ಅಪಘಾತ ಸಂಭವಿಸಿದರೆ ವಿಮಾ ಕಂಪನಿ ತಕರಾರು ತೆಗೆಯಲು ಇದೇ ಎಡೆ. ಆಗ ನಷ್ಟಕ್ಕೆ ಈಡಾಗುವವರಲ್ಲಿ ಲಾರಿ ನಂಬಿದ ಚಾಲಕನ ಸಂಸಾರವೂ ಸೇರುತ್ತದೆ.

ಆದುದರಿಂದ ಹರಾಜಿನ ರಸೀದಿ, ಬಿಡುಗಡೆಯ ಪತ್ರ, ಚಾಸಿ ಮತ್ತು ಎಂಜಿನ್ ಸಂಖ್ಯೆಗಳನ್ನು ಮೊದಲು ತಾಳೆ ನೋಡಬೇಕು. ಸ್ಪ್ಯಾನರು ಹಿಡಿಯುವುದು ಆಮೇಲೆ. ಹಳೆಯದನ್ನು ಎಸೆಯದೆ ದುಡಿಸಿಕೊಳ್ಳುವ ಬುದ್ಧಿ ಈ ಒಣಸೀಮೆಯ ಜನರಿಗೆ ಹೊಸದೇನಲ್ಲ. ಕಾಗದವೂ ಲಾರಿಯಷ್ಟೇ ಗಟ್ಟಿಯಾಗಿದ್ದರೆ ಆ ದುಡಿಮೆಯ ಫಲ ಮನೆ ಸೇರುತ್ತದೆ.